ನೂರು ಗಿಗಾಕ್ಕೆ ಏಳು ಮಡಕೆ ಕಡಿಮೆ

ನಮ್ಮೂರಿನಲ್ಲಿ ಕಾಳು ಎರಡು ಬಗೆ. ಒಂದು ತಿನ್ನುವುದು, ಇನ್ನೊಂದು ನೋಡುವುದು. ತಿನ್ನುವ ಕಾಳು ಹೊಲದಿಂದ ಬರುತ್ತದೆ, ನೋಡುವ ಕಾಳು ತೂಬಿನಿಂದ ಬರುತ್ತದೆ. ಮುಖವೋ ಮಾತೋ ಹಾಡೋ ಜಗಳವೋ, ಏನೇ ಆಗಲಿ, ಒಬ್ಬರ ಮನೆಯಿಂದ ಇನ್ನೊಬ್ಬರ ಮನೆಗೆ ಹೋಗಬೇಕೆಂದರೆ ಸಾಸಿವೆಗಿಂತ ಸಣ್ಣ ಕಾಳಾಗಿ ಕೊಳವೆಯಲ್ಲಿ ಹರಿದು, ಹಿತ್ತಲಿನ ತೂಬಿನಿಂದ ಸುರ್ರೆಂದು ಮಡಕೆಗೆ ಬೀಳುತ್ತದೆ. ಬೇಕೆನಿಸಿದಾಗ ಒಂದು ಬೊಗಸೆ ತೆಗೆದು ಬಿಳಿ ಗೋಡೆಯ ಮುಂದೆ ಜರಡಿ ಹಿಡಿದರಾಯಿತು, ಗೋಡೆಯ ಮೇಲೆ ಮುಖ ಮೂಡುತ್ತದೆ, ಮಾತು ಕೇಳುತ್ತದೆ. ಕೆಳಗಿನ ಮೊರದಲ್ಲಿ ಬಿದ್ದ ಕಾಳನ್ನು ಮತ್ತೆ ತುಂಬಿಡಬಹುದು. ಕೋಳಿಯಿಂದ ಕಾಪಾಡಿಕೊಳ್ಳಬೇಕು, ಅಷ್ಟೆ. ಪಕ್ಕದ ಮನೆಯ ಹುಂಜ ಆ ಮನೆಯ ಮಗಳ ಮದುವೆಯಲ್ಲಿ ತಾಳಿ ಕಟ್ಟುವ ಭಾಗವನ್ನಷ್ಟೇ ಮೇಯ್ದುಬಿಟ್ಟಿತು. ಈಗಲೂ ಜರಡಿ ಹಿಡಿದರೆ ಆ ಹುಡುಗಿ ಮದುವೆಯಾಗದೆಯೇ ಗಂಡನ ಪಕ್ಕ ಊಟಕ್ಕೆ ಕೂರುತ್ತಾಳೆ. ಇನ್ನೊಂದು ಮನೆಯಲ್ಲಿ ಅತ್ತೆಯ ಬುದ್ಧಿಮಾತು ರಾಗಿಯ ಜೊತೆ ಬೀಸಿಹೋಗಿ, ಮುದ್ದೆ ತಿರುವುವಾಗಲೆಲ್ಲ ಪಾತ್ರೆಯೊಳಗಿಂದ ಗೊಣಗುವ ಸದ್ದು. ಆ ಸೊಸೆ ಹಿಟ್ಟು ಮುಗಿಯುವವರೆಗೂ ಅತ್ತೆಯ ಮಾತನ್ನು ನುಂಗಿಕೊಂಡೇ ಉಂಡಳು.

ಇನ್ನು ಅಳತೆ. ಒಂದು ಕಾಳಿಗೆ ಒಂದು ಬಿಟ್ಟು ಅನ್ನುತ್ತೇವೆ, ಎಂಟು ಬಿಟ್ಟು ಸೇರಿದರೆ ಒಂದು ಬೈಟು. ತೂಬಿನವರು ಬಿಟ್ಟಿನಲ್ಲಿ ಎಣಿಸುತ್ತಾರೆ, ಮಡಕೆಯವರು ಬೈಟಿನಲ್ಲಿ ಎಣಿಸುತ್ತಾರೆ. ಹಾಗಾಗಿ ತೂಬು ಕಾಯುವ ಕೆಂಚಪ್ಪ ‘ಇಗೋ ಒಂದು ಗಳಿಗೆ’ ಅಂದರೆ ನಾವು ಎಂಟು ಗಳಿಗೆ ಅಂದುಕೊಂಡು ಎಲೆಅಡಿಕೆ ತಟ್ಟೆ ತೆಗೆಯುತ್ತೇವೆ. ಅವನೇನೂ ಸುಳ್ಳುಗಾರನಲ್ಲ. ಅವನಿಗೆ ಕಾಳು ಹರಿಯುವುದು ಕಾಣುತ್ತದೆ, ನಮಗೆ ಮಡಕೆ ತುಂಬುವುದು ಕಾಣುತ್ತದೆ. ಇದರಿಂದ ಊರಿಗೆ ಒಂದು ಉಪಕಾರವೂ ಆಗಿದೆ. ತಡವಾಗಿ ಬಂದವರನ್ನು ಇಲ್ಲಿ ಯಾರೂ ಬೈಯುವುದಿಲ್ಲ, ‘ಕೆಂಚಪ್ಪನ ಲೆಕ್ಕದಲ್ಲಿ ಬೇಗನೇ ಬಂದ್ರಿ’ ಅನ್ನುತ್ತಾರೆ.

ಸಾವಿರ ಬೈಟಿಗೆ ಒಂದು ಕಿಲೋ, ಸಾವಿರ ಕಿಲೋಗೆ ಒಂದು ಮೆಗಾ, ಸಾವಿರ ಮೆಗಾಕ್ಕೆ ಒಂದು ಗಿಗಾ. ಇಲ್ಲಿಯವರೆಗೂ ಊರು ಒಂದೇ. ಸಾವಿರ ಅಂದರೆ ಎಷ್ಟು ಅನ್ನುವಲ್ಲಿ ಎರಡಾಗುತ್ತದೆ. ಮೇಲಿನ ಬೀದಿಯವರಿಗೆ ಸಾವಿರ ಅಂದರೆ ಸಾವಿರ. ಕೆಳಗಿನ ಬೀದಿಯವರಾದ ನಮಗೆ ಸಾವಿರ ಅಂದರೆ ಸಾವಿರದ ಇಪ್ಪತ್ನಾಲ್ಕು. ನಾವು ಎಣಿಸುವುದೇ ದುಪ್ಪಟ್ಟು ಮಾಡುತ್ತಾ. ಒಂದು, ಎರಡು, ನಾಲ್ಕು, ಎಂಟು, ಹೀಗೇ ಏರುತ್ತಾ ಹೋದರೆ ಸಾವಿರವನ್ನು ದಾಟಿ ಇಪ್ಪತ್ನಾಲ್ಕಕ್ಕೆ ನಿಲ್ಲುತ್ತದೆ. ನಿಂತಲ್ಲೇ ಸಾವಿರ ಅಂದೆವು. ಮೇಲಿನ ಇಪ್ಪತ್ನಾಲ್ಕು ಕೊಸರು. ಸೊಪ್ಪಿನವಳು ಕಟ್ಟಿನ ಮೇಲೆ ನಾಲ್ಕು ಕಡ್ಡಿ ಹಾಕದೆ ಹೋದರೆ ಅವಳ ಹತ್ತಿರ ಇನ್ನೊಂದು ಸಲ ಯಾರಾದರೂ ಹೋಗುತ್ತಾರೆಯೇ? ಮೇಲಿನ ಬೀದಿಯವರು ಕೊಸರು ಕೊಡುವುದೂ ಇಲ್ಲ, ಮುಟ್ಟುವುದೂ ಇಲ್ಲ. ನಾವು ಅವರನ್ನು ಬೋಳು ಸಾವಿರದವರು ಅನ್ನುತ್ತೇವೆ. ಅವರು ನಮ್ಮನ್ನು ಏನನ್ನುತ್ತಾರೋ ನನಗೆ ಗೊತ್ತು, ಹೇಳುವುದಿಲ್ಲ.

ನನ್ನ ಹೆಸರು ದೇವೀರಮ್ಮ. ಮೇಲಿನ ಬೀದಿಯ ಮೇಲೆ ನನಗೆ ಸ್ವಂತದ್ದೊಂದು ಸಿಟ್ಟಿದೆ, ಅದನ್ನು ಮೊದಲೇ ಹೇಳಿಬಿಡುತ್ತೇನೆ. ನಮ್ಮಲ್ಲಿ ನಿಶ್ಚಿತಾರ್ಥಕ್ಕೆ ಮುಂಚೆ ಮಡಕೆ ಒಪ್ಪಿಸುವ ಶಾಸ್ತ್ರವಿದೆ. ಹುಡುಗನ ಮನೆಯವರು ತಮ್ಮ ಮನೆಯನ್ನೇ ಕಾಳು ಮಾಡಿ, ಅಂದರೆ ಅಲ್ಲಿನ ಮಾತುಕತೆ, ಅಡಿಗೆ, ಕೆಮ್ಮು, ಕೋಪ ಎಲ್ಲವನ್ನೂ ಸೇರಿಸಿ, ನೂರು ಮಡಕೆ ಕಳಿಸಬೇಕು. ಹುಡುಗಿ ಅದನ್ನೆಲ್ಲ ಜರಡಿ ಹಿಡಿದು ನೋಡಿ, ಬದುಕಬಹುದು ಅನ್ನಿಸಿದರೆ ಹೂಂ ಅನ್ನಬೇಕು. ನನ್ನ ಕಾಲಕ್ಕೆ ಮೆಗಾ ಮಡಕೆ. ಮೇಲಿನ ಬೀದಿಯ ಮರುಳಸಿದ್ಧ ನನ್ನನ್ನು ಕೇಳಿದ, ನನಗೂ ಮನಸ್ಸಿತ್ತು. ಅವರು ಅವರ ಲೆಕ್ಕದ ನೂರು ಮೆಗಾ ಕಳಿಸಿದರು. ಸಾವಿರಕ್ಕೆ ಇಪ್ಪತ್ನಾಲ್ಕು ಕೊಸರು ಕಳೆದರೆ ನೂರಕ್ಕೆ ಎರಡೂವರೆ ಮಡಕೆ ಕಡಿಮೆ ಬೀಳುತ್ತದೆ, ಅದು ಎರಡು ಬೀದಿಗೂ ಗೊತ್ತಿದ್ದದ್ದೇ. ಬಿದ್ದದ್ದು ಹೆಚ್ಚುಕಮ್ಮಿ ಐದು ಮಡಕೆ. ಮಿಕ್ಕ ಎರಡು ಮಡಕೆ ಎಲ್ಲಿ ಎಂದು ನಮ್ಮಪ್ಪ ಕೇಳಿದರು. ಎಲ್ಲಾ ಕಳಿಸಿದ್ದೇನೆ ಎಂದು ಮರುಳಸಿದ್ಧ ಹೇಳಿದ. ಎರಡು ಮಡಕೆ ಮುಚ್ಚಿಡುವವನು ನಾಳೆ ಏನೆಲ್ಲ ಮುಚ್ಚಿಟ್ಟಾನು ಎಂದು ಅಪ್ಪ ಸಂಬಂಧ ಮುರಿದರು. ನಾನೂ ಒಂದು ಮಾತು ಎದುರಾಡಲಿಲ್ಲ, ಯಾಕೆಂದರೆ ನನಗೂ ಹಾಗೇ ಅನ್ನಿಸಿತು. ಆಮೇಲೆ ನಮ್ಮ ಬೀದಿಯವನನ್ನೇ ಮದುವೆಯಾದೆ. ಒಳ್ಳೆಯ ಮನುಷ್ಯ, ಏನನ್ನೂ ಮುಚ್ಚಿಡುತ್ತಿರಲಿಲ್ಲ. ತಲೆಯಲ್ಲಿ ಬಂದದ್ದು ಬಾಯಲ್ಲಿ. ಒಂದಿಷ್ಟು ಮುಚ್ಚಿಟ್ಟಿದ್ದರೆ ನನ್ನ ಕಿವಿಗಾದರೂ ಪುಣ್ಯ ಬರುತ್ತಿತ್ತು. ಅವರು ಹೋದ ಮೇಲೆ ತಮ್ಮ ರುದ್ರಣ್ಣನ ಮನೆಯಲ್ಲಿದ್ದೇನೆ. ಮರುಳಸಿದ್ಧನನ್ನು ಮಾತ್ರ ಮೂವತ್ತು ವರ್ಷದಿಂದ ‘ಎರಡು ಮಡಕೆ ಕಳ್ಳ’ ಅಂತಲೇ ಕರೆಯುತ್ತಾ ಬಂದೆ. ಈಗ ಊರಿಗೇ ಅದು ಅವನ ಹೆಸರು.

ಹೀಗಿರುವಾಗ ರುದ್ರಣ್ಣನ ಮಗಳು ಹೊನ್ನಾಂಬೆ, ನಮ್ಮ ಹೊನ್ನು, ಹೋಗಿ ಹೋಗಿ ಮೇಲಿನ ಬೀದಿಯ ಹುಡುಗನನ್ನೇ ಇಷ್ಟಪಟ್ಟಳು. ಅದೂ ಎಂಥವನನ್ನು? ಮರುಳಸಿದ್ಧನ ತಮ್ಮನ ಮಗ ಗುರುಸಿದ್ಧನನ್ನು. ನಾನು ಅವಳನ್ನು ಕೂರಿಸಿಕೊಂಡು ಬುದ್ಧಿ ಹೇಳಿದೆ.

“ಊರಲ್ಲಿ ಬೇರೆ ಗಂಡೇ ಸಿಗ್ಲಿಲ್ವೇನೇ?”

“ಸಿಕ್ಕಿದ್ರು. ಅವರ ಜೊತೆ ಅರ್ಧ ಗಳಿಗೆ ಕೂತ್ರೆ ಆಕಳಿಕೆ ಬರತ್ತೆ ಅತ್ತೆ. ಇವನ ಜೊತೆ ಬರಲ್ಲ.”

“ಆಕಳಿಕೆ ಬರದೇ ಇದ್ರೆ ಮದುವೆ ಆಗ್ಬಿಡ್ತಾರಾ?”

“ನಿಂಗೆ ಮಾವನ ಜೊತೆ ಬರ್ತಿತ್ತಾ?”

ನಾನು ಮಾತು ಬದಲಿಸಿದೆ. ಹುಡುಗಿ ನನ್ನ ಕೈಯಲ್ಲೇ ಬೆಳೆದದ್ದು, ನನ್ನದೇ ನಾಲಿಗೆ.

ರುದ್ರಣ್ಣ ಒಲ್ಲದ ಮನಸ್ಸಿನಿಂದ ಒಪ್ಪಿದ. ನನ್ನ ಸಂಬಂಧ ಮುರಿದ ಮೇಲೆ ಎರಡು ಬೀದಿಗೂ ಕೊಟ್ಟು ತರುವುದೇ ನಿಂತುಹೋಗಿತ್ತು, ಇದೇ ಮೊದಲು. ಈಗ ಗಿಗಾ ಮಡಕೆಯ ಕಾಲ. ನೂರು ಹೊಸ ಮಡಕೆ ತಂದು ಹಿತ್ತಲಿನಲ್ಲಿ ಸಾಲಾಗಿ ಇಟ್ಟೆವು. ಕೊಸರಿನ ಲೆಕ್ಕಕ್ಕೆ ಎರಡೂವರೆ ಹೋಗಲಿ ಎಂದು ಕೊನೆಯ ಮೂರಕ್ಕೆ ಮೊದಲೇ ಅರಿಸಿನದ ಗೆರೆ ಎಳೆದೆ. ಕೆಂಚಪ್ಪ ಬಂದು ತೂಬಿನ ಬಿರಡೆ ತೆಗೆದ. ಗುರುಸಿದ್ಧನ ಮನೆ ಸುರ್ರನೆ ಸುರಿಯತೊಡಗಿತು. ಒಂದು ಮಡಕೆ ತುಂಬಿದ ಕೂಡಲೇ ಇನ್ನೊಂದನ್ನು ತಳ್ಳುವುದು, ಬಾಯಿಗೆ ಸರಿಯಾಗಿ ಕೋಲಿನಿಂದ ಸವರುವುದು. ಇಡೀ ಬೀದಿ ಬೇಲಿಯ ಆಚೆ ನಿಂತು ಎಣಿಸುತ್ತಿತ್ತು. ತೊಂಬತ್ತಮೂರು ತುಂಬಿದವು. ತೊಂಬತ್ತನಾಲ್ಕನೆಯದರ ತಳ ಮುಚ್ಚುವಷ್ಟು ಬಿದ್ದು ತೂಬು ಒಂದು ಸಲ ಬಿಕ್ಕಳಿಸಿ ನಿಂತಿತು.

ಕೆಂಚಪ್ಪ ಕೊಳವೆಗೆ ಕಿವಿಯಿಟ್ಟು ಕೇಳಿದ. “ಅಷ್ಟೇ ಕಣಣ್ಣ. ಖಾಲಿ.”

ತಳ ಮುಚ್ಚಿದ ಅದೊಂದನ್ನೂ ಸೇರಿಸಿ ಏಳು ಮಡಕೆ ಬಾಯಿ ತೆರೆದುಕೊಂಡು ಕೂತಿದ್ದವು. ಎರಡೂವರೆ ಕೊಸರಿಗೆ ಹೋಯಿತು. ಮಿಕ್ಕ ನಾಲ್ಕೂವರೆ? ಹೊನ್ನುವಿನ ಮುಖ ಸಣ್ಣಗಾಯಿತು. ನನಗೆ ಮಾತ್ರ, ಸುಳ್ಳು ಯಾಕೆ ಹೇಳಲಿ, ಒಳಗೊಳಗೇ ಒಂದು ಸಂತೋಷ. ನಾನು ಹೇಳಿರಲಿಲ್ಲವೇ ಅನ್ನುವ ಸಂತೋಷ. ಅದಕ್ಕಿಂತ ರುಚಿಯಾದದ್ದು ಹಬ್ಬದಡಿಗೆಯಲ್ಲೂ ಇಲ್ಲ.

“ಮನೆತನದ ಗುಣ,” ಅಂದೆ. “ಆವಾಗ ಎರಡು ಮಡಕೆ ಕದ್ರು, ಈವಾಗ ನಾಲ್ಕೂವರೆ. ಬೆಳೀತಾ ಇದಾರೆ.”

ರುದ್ರಣ್ಣ ಹೇಳಿಕಳಿಸಿದ. ಅಮಾವಾಸ್ಯೆಯೊಳಗೆ ನಾಲ್ಕೂವರೆ ಮಡಕೆ ತುಂಬಬೇಕು. ಇಲ್ಲದಿದ್ದರೆ ತೊಂಬತ್ತಮೂರೂ ವಾಪಸ್ಸು, ಹೊನ್ನುವನ್ನು ಬೇರೆ ಕಡೆ ಕೊಡುತ್ತೇನೆ. ಅವನ ಮಾತು ಅಂದರೆ ಮಾತು. ಹೊನ್ನು ಊಟ ಬಿಡಲಿಲ್ಲ, ಅಳಲಿಲ್ಲ. ಆದರೆ ಮಾತಾಡುವುದನ್ನು ನಿಲ್ಲಿಸಿದಳು, ಅದರಿಂದ ನನಗೆ ಹೆದರಿಕೆಯಾಯಿತು. ಆ ಹುಡುಗಿ ಹುಟ್ಟಿದಾಗಿನಿಂದ ಸುಮ್ಮನಿದ್ದದ್ದನ್ನು ನಾನು ಕಂಡವಳಲ್ಲ.

ಖಾಲಿ ಮಡಕೆಯನ್ನು ಊರು ಖಾಲಿ ಬಿಡುತ್ತದೆಯೇ? ಸಂಜೆಯೊಳಗೆ ಏಳೂ ತುಂಬಿದವು, ಕಾಳಿನಿಂದಲ್ಲ, ಮಾತಿನಿಂದ. ಒಬ್ಬಳು ಹುಡುಗನಿಗೆ ಮೊದಲೇ ಒಂದು ಮದುವೆಯಾಗಿದೆ ಅಂದಳು. ಇನ್ನೊಬ್ಬಳು ಎರಡು ಅಂದಳು. ಹುಡುಗನ ತಾತ ಸತ್ತೇ ಇಲ್ಲ, ಅಟ್ಟದ ಮೇಲೆ ಕೂಡಿಹಾಕಿದ್ದಾರೆ ಅಂದ ಒಬ್ಬ. ಅವನ ಮಾತಿನ ಮೇಲೆ ತಾತನಿಗೆ ಊಟ ಯಾರು ಕೊಡುತ್ತಾರೆ ಅನ್ನುವ ಬಗ್ಗೆ ಬಾವಿಕಟ್ಟೆಯಲ್ಲಿ ಜಗಳವೇ ಆಯಿತು. ನಾನೇನೂ ಸೇರಿಸಲಿಲ್ಲ. ಅಟ್ಟ ಚಿಕ್ಕದಂತೆ, ಪಾಪ, ತಾತನಿಗೆ ಕಾಲು ಚಾಚಲಾಗುವುದಿಲ್ಲವಂತೆ ಅಂದೆ, ಅಷ್ಟೆ.

ಅತ್ತ ಮೇಲಿನ ಬೀದಿಯಲ್ಲಿ ಬೇರೆಯೇ ಆಟ ನಡೆಯುತ್ತಿತ್ತು. ಹುಡುಗನ ತಾಯಿ ನೀಲಾಂಬಿಕೆ ಮೊದಲು ರೇಗಾಡಿದಳಂತೆ, ಮನೆಯಲ್ಲಿದ್ದದ್ದನ್ನೆಲ್ಲ ಗುಡಿಸಿ ಕಳಿಸಿದ್ದೇವೆ ಅಂತ. ಆಮೇಲೆ ಅವಳಿಗೇ ಒಂದು ಅನುಮಾನ ಬಂತು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡರು ಅನ್ನುತ್ತಾರಲ್ಲ, ಆ ಮನೆಯಲ್ಲಿ ಒಬ್ಬೊಬ್ಬರೂ ತಂತಮ್ಮ ಹೆಗಲು ಮುಟ್ಟಿಕೊಂಡರು. ಮಾರನೆಯ ಬೆಳಿಗ್ಗೆ ನಮ್ಮ ತೂಬು ಕೆಮ್ಮಿತು. ನಾನು ಮೊರ ಹಿಡಿದು ಓಡಿದೆ. ಒಂದು ಹಿಡಿ ಕಾಳು ಬಿತ್ತು. ಜರಡಿ ಹಿಡಿದರೆ ಗೋಡೆಯ ಮೇಲೆ ನೀಲಾಂಬಿಕೆ, ಸೆರಗಿನ ತುದಿ ಹಿಂಡುತ್ತಾ ನಿಂತಿದ್ದಾಳೆ.

“ಬೀಗಿತ್ತಿ, ನಾನು ಕಳಿಸಿದ ಅಡಿಗೆ ಕಾಳಲ್ಲಿ ಒಬ್ಬಟ್ಟು ಇದೆಯಲ್ಲ, ಅದು ನಾನು ಮಾಡಿದ್ದಲ್ಲ. ಪಕ್ಕದ ಮನೆಯವರದ್ದು. ಇಪ್ಪತ್ತು ವರ್ಷದಿಂದ ಅವರದ್ದೇ. ನನಗೆ ಹೂರಣ ಕಟ್ಟಲಿಕ್ಕೆ ಬರಲ್ಲ. ಯಾರಿಗೂ ಹೇಳ್ಬೇಡಿ.”

ನಾನು ಯಾರಿಗೂ ಹೇಳಲಿಲ್ಲ, ಬೇಲಿಯ ಆಚೆ ನಿಂತವರು ತಾವೇ ಕೇಳಿಸಿಕೊಂಡರು. ಅವಳ ಹಿಂದೆ ಹುಡುಗನ ತಂದೆ ಬಂದ, ತಲೆಗೂದಲಿಗೆ ಬಣ್ಣ ಹಚ್ಚುತ್ತೇನೆ ಅಂದ. ಅದು ಇಡೀ ಊರಿಗೆ ಕಾಣುತ್ತಿದ್ದದ್ದೇ, ಅವನೊಬ್ಬನೇ ಗುಟ್ಟು ಅಂದುಕೊಂಡಿದ್ದ. ಅಜ್ಜಿ ಬಂದಳು. “ನಂಗೆ ಕಿವಿ ಚೆನ್ನಾಗೇ ಕೇಳ್ಸತ್ತೆ. ಸೊಸೆ ಏನೇನಂತಾಳೆ ಅಂತ ತಿಳ್ಕೊಳಕ್ಕೆ ಕಿವುಡಿ ಥರ ಇದೀನಿ.” ನನಗೆ ಆ ಅಜ್ಜಿಯ ಮೇಲೆ ಗೌರವ ಹುಟ್ಟಿತು. ಗುರುಸಿದ್ಧನೂ ಬಂದ, ತನಗೆ ಹಲ್ಲಿ ಕಂಡರೆ ಭಯ, ಹೆಂಡತಿಯಾದವಳೇ ಓಡಿಸಬೇಕು ಅಂದ. ಹೊನ್ನು ಅವತ್ತು ಮೊದಲ ಸಲ ನಕ್ಕಳು.

ಕೊನೆಗೆ ಒಂದೇ ಒಂದು ಚಿಟಿಕೆ ಕಾಳು ಬಿತ್ತು. ಜರಡಿಗೆ ಹಾಕಿದರೆ ಮರುಳಸಿದ್ಧ. ತಲೆ ಬೋಳಾಗಿದೆ, ಹೊಟ್ಟೆ ಬಂದಿದೆ. “ನಾನು ಆವಾಗ್ಲೂ ಎಲ್ಲಾ ಕಳ್ಸಿದ್ದೆ. ಈವಾಗ್ಲೂ ನಮ್ಮೋರು ಎಲ್ಲಾ ಕಳ್ಸಿದಾರೆ,” ಅಂದ, ಮಾಯವಾದ.

“ವಯಸ್ಸಾದ್ರೂ ಸುಳ್ಳು ಹೇಳೋದು ಬಿಟ್ಟಿಲ್ಲ,” ಎಂದು ಆ ಚಿಟಿಕೆಯನ್ನು ತೆಗೆದು ಕೋಳಿಗೆ ಎಸೆದೆ. ಕೋಳಿ ಒಂದೇ ಕುಕ್ಕಿಗೆ ಮುಗಿಸಿತು.

ಇಷ್ಟೆಲ್ಲ ಆದ ಮೇಲೆ ಮಡಕೆಯಲ್ಲಿ ನೋಡಿದರೆ ಒಂದರ ಅರ್ಧವೂ ಏರಿಲ್ಲ. ಮನುಷ್ಯ ತನ್ನ ಗುಟ್ಟು ಏನು ಭಾರೀ ಅಂದುಕೊಂಡು ಹೊತ್ತು ತಿರುಗುತ್ತಾನೆ, ಅಳೆದರೆ ಎರಡು ಬೊಗಸೆ. ಆ ಮನೆಯವರ ಹತ್ತಿರ ಗುಟ್ಟು ಮುಗಿದುಹೋಯಿತು. ಹುಡುಗನ ಅಪ್ಪ ನೆರೆಹೊರೆಯವರ ಗುಟ್ಟು ಕಳಿಸಲು ಶುರುಮಾಡಿದ, ಅದನ್ನು ಅವರ ಬೀದಿಯವರೇ ಬಂದು ನಿಲ್ಲಿಸಿದರು. ಅಜ್ಜಿ ತಾನು ಚಿಕ್ಕವಳಿದ್ದಾಗ ಒಬ್ಬನನ್ನು ಬಾವಿಗೆ ತಳ್ಳಿದೆ ಅಂದಳು, ಯಾರನ್ನು ಎಂದು ಕೇಳಿದರೆ ಯೋಚಿಸಿ ಹೇಳುತ್ತೇನೆ ಅಂದಳು. ಕೊನೆಗೆ ಗುರುಸಿದ್ಧ ಒಂದು ಉಪಾಯ ಮಾಡಿದ. ಮಾತಿಗೆ ಕಾಳು ಕಡಿಮೆ, ಆಡುವ ಚಿತ್ರಕ್ಕೆ ಜಾಸ್ತಿ. ಹಾಗಾಗಿ ಕಂಡದ್ದನ್ನೂ ಕೇಳಿದ್ದನ್ನೂ ಕಾಳು ಮಾಡುವ ಆಲಿಕೆಯ ಮುಂದೆ ತಾನೇ ಸುಮ್ಮನೆ ಕೂತುಬಿಟ್ಟ, ನಾಲ್ಕೂವರೆ ಮಡಕೆ ಆಗುವಷ್ಟು ಹೊತ್ತು. ಕಾಳೇನೋ ಸಿದ್ಧವಾಯಿತು, ಇನ್ನು ಹರಿಸಬೇಕು. ಹಬ್ಬದ ಕಾಲ, ತೂಬಿನಲ್ಲಿ ಊರಿನ ಕಾಳೆಲ್ಲ ಸಾಲು ನಿಂತಿತ್ತು. ಎಷ್ಟು ಹೊತ್ತಾಗುತ್ತದೆ ಎಂದು ಕೆಂಚಪ್ಪನನ್ನು ಕೇಳಿದ್ದಾನೆ. ಒಂದು ದಿನ ಸಾಕು ಅಂದಿದ್ದಾನೆ ಅವನು. ಅಮಾವಾಸ್ಯೆಗೆ ಇನ್ನೆರಡು ದಿನವಿದೆಯಲ್ಲ ಎಂದು ಹುಡುಗ ಸಂತೋಷದಿಂದ ಮನೆಗೆ ಹೋಗಿ ಮಲಗಿದ. ಪ್ರೀತಿಯಲ್ಲಿ ಬಿದ್ದವನಿಗೆ ಮೊದಲು ಮರೆಯುವುದು ಎಂಟರ ಮಗ್ಗಿ. ಕೆಂಚಪ್ಪನ ಒಂದು ದಿನ ಅಂದರೆ ಮಡಕೆಯವರಿಗೆ ಎಂಟು ದಿನ. ಅಮಾವಾಸ್ಯೆಯ ಹಿಂದಿನ ದಿನ ನಮ್ಮ ತೂಬಿನಿಂದ ಬಂದದ್ದು ಅವನ ಎಡಗಿವಿ ಮತ್ತು ಒಂದಿಷ್ಟು ಗೋಡೆ.

ಅಂದು ಮಧ್ಯಾಹ್ನ ಹೊನ್ನು ನನ್ನನ್ನು ಹಿತ್ತಲಿಗೆ ಕರೆದಳು. ಅವಳ ಮುಂದೆ ಎರಡು ಲೋಟ ಇದ್ದವು. ಒಂದು ನಮ್ಮ ಕಿಲೋ ಲೋಟ, ಇನ್ನೊಂದು ಗುರುಸಿದ್ಧ ಯಾರ ಕೈಯಲ್ಲೋ ಕೊಟ್ಟುಕಳಿಸಿದ ಮೇಲಿನ ಬೀದಿಯ ಕಿಲೋ ಲೋಟ. ಅವರದು ನಮ್ಮದಕ್ಕಿಂತ ಒಂದು ಕೂದಲಿನಷ್ಟು ಗಿಡ್ಡ.

“ಅತ್ತೆ, ಅವರ ಲೋಟದಲ್ಲಿ ಕೊಸರಿಲ್ಲ, ಸರಿ ತಾನೆ?”

“ಅವರ ಜನ್ಮದಲ್ಲೇ ಇಲ್ಲ.”

“ಈಗ ಮೆಗಾ ಮಾಡ್ಬೇಕು. ಅವರು ಈ ಗಿಡ್ಡ ಲೋಟದಲ್ಲಿ ಎಷ್ಟು ಸಲ ಸುರೀತಾರೆ?”

“ಸಾವಿರ ಸಲ.”

“ನಾವು ನಮ್ಮ ಲೋಟದಲ್ಲಿ?”

“ಸಾವಿರದಿಪ್ಪತ್ನಾಲ್ಕು ಸಲ. ಅದೇನು ಹೊಸದಾ?”

“ನೋಡು ಹಾಗಾದ್ರೆ. ಲೋಟವೂ ಗಿಡ್ಡ, ಸುರಿಯೋ ಸಲವೂ ಕಡಿಮೆ. ಎರಡು ಕಡೆ ಕಡಿಮೆ ಬಿತ್ತು. ಆ ಮೆಗಾದಲ್ಲಿ ಗಿಗಾ ಮಾಡುವಾಗ ಮತ್ತೆ ಅವರು ಸಾವಿರ ಸಲ, ನಾವು ಸಾವಿರದಿಪ್ಪತ್ನಾಲ್ಕು. ಮೂರನೇ ಸಲ ಕಡಿಮೆ ಬಿತ್ತು. ನಾವು ಎರಡೂವರೆಯನ್ನ ಒಂದೇ ಸಲ ಕಳೆದ್ವಿ ಅತ್ತೆ. ಮೂರು ಸಲ ಕಳೀಬೇಕಿತ್ತು. ಕಳೆದ್ರೆ ಏಳಕ್ಕೆ ಬರತ್ತೆ. ಅವರು ಏನೂ ಮುಚ್ಚಿಟ್ಟಿಲ್ಲ.”

ಕಿಲೋ ಮಡಕೆಯ ಕಾಲದಲ್ಲಿ ಕೊಸರು ಒಂದೇ ಸಲ, ನಮ್ಮ ಅಜ್ಜಂದಿರ ಲೆಕ್ಕ ಸರಿಯಾಗಿತ್ತು. ಮಡಕೆ ದೊಡ್ಡದಾಯಿತು, ಲೆಕ್ಕ ಅಲ್ಲೇ ನಿಂತಿತು. ನಾನು ಬೆರಳು ಮಡಚಿ ಎಣಿಸಿದೆ. ಗಿಗಾಕ್ಕೆ ಮೂರು ಸಲ, ಹೆಚ್ಚುಕಮ್ಮಿ ಏಳು. ಸರಿಯಾಗಿತ್ತು. ಅಲ್ಲಿಗೆ ನಿಲ್ಲಿಸಬಹುದಿತ್ತು. ಬೆರಳು ನಿಲ್ಲಲಿಲ್ಲ. ಮೆಗಾಕ್ಕೆ ಎರಡು ಸಲ. ಎರಡೂವರೆ, ಎರಡೂವರೆ. ಹೆಚ್ಚುಕಮ್ಮಿ ಐದು.

ನನ್ನ ಐದು ಮಡಕೆ.

ನನಗೆ ಸಿಟ್ಟು ಬಂತು. ಯಾರ ಮೇಲೆ ಎಂದು ಹುಡುಕಿದೆ. ಅಪ್ಪ ತೀರಿಹೋಗಿದ್ದರು. ಮರುಳಸಿದ್ಧ ಏನೂ ಮಾಡಿರಲಿಲ್ಲ, ಅದೇ ಈಗ ತೊಂದರೆ. ಮೂವತ್ತು ವರ್ಷ ಒಬ್ಬನನ್ನು ಬೈದು ಬೈದು ನಾಲಿಗೆಗೆ ಅಭ್ಯಾಸವಾದ ಮೇಲೆ, ಅವನು ನಿಜ ಹೇಳಿದವನು ಎಂದು ತಿಳಿದರೆ ಆ ನಾಲಿಗೆಯನ್ನು ಎಲ್ಲಿಡುವುದು? ಮರುಳಸಿದ್ಧ ಅವತ್ತು ಇದೇ ಹಿತ್ತಲಿನಲ್ಲಿ ನಿಂತು ಎಲ್ಲಾ ಕಳಿಸಿದ್ದೇನೆ ಅಂದಾಗ ನಾನು ಅಡಿಗೆಮನೆಯ ಬಾಗಿಲ ಹಿಂದಿನಿಂದ ನೋಡಿದ್ದೆ. ಅವನು ನನ್ನ ಕಡೆ ನೋಡಿದ್ದ, ನೀನಾದರೂ ನಂಬುತ್ತೀಯಾ ಅನ್ನುವಂತೆ. ನಾನು ಬಾಗಿಲು ಹಾಕಿಕೊಂಡಿದ್ದೆ. ಮೊನ್ನೆ ಬಿದ್ದ ಆ ಚಿಟಿಕೆಯನ್ನು ಇನ್ನೊಂದು ಸಲ ಜರಡಿ ಹಿಡಿಯಬೇಕು ಅನ್ನಿಸಿತು. ತಿರುಗಿ ಕೋಳಿಯನ್ನು ನೋಡಿದೆ. ಅದೂ ನನ್ನನ್ನು ನೋಡಿತು.

“ಅತ್ತೆ, ಇದನ್ನ ಅಪ್ಪನಿಗೆ ನೀನೇ ಹೇಳ್ಬೇಕು,” ಅಂದಳು ಹೊನ್ನು.

“ಲೆಕ್ಕ ನಿಂದು, ನೀನೇ ಹೇಳು.”

“ನಾನು ಹೇಳಿದ್ರೆ ಹುಡುಗನ ಮೇಲಿನ ಆಸೆಗೆ ಲೆಕ್ಕ ತಿರುಚ್ತಾಳೆ ಅಂತಾನೆ. ನೀನು ಹೇಳಿದ್ರೆ ಇಡೀ ಊರು ನಂಬತ್ತೆ. ಮೇಲಿನ ಬೀದಿಯೋರನ್ನ ನಿನ್ನಷ್ಟು ಬೈದೋರು ಯಾರಿದಾರೆ?”

“ಹೇಳಿದ್ರೆ ಎಲ್ರೂ ನನ್ನ ಲೆಕ್ಕಾನೂ ಹಾಕ್ತಾರೆ ಕಣೇ.”

ಅವಳಿಗೆ ಅರ್ಥವಾಯಿತು. ಒಂದು ಸಲ ನನ್ನ ಬೆರಳುಗಳನ್ನು ನೋಡಿದಳು. ಒತ್ತಾಯ ಮಾಡಲಿಲ್ಲ, ಎರಡೂ ಲೋಟ ತೆಗೆದುಕೊಂಡು ಎದ್ದಳು. “ನಾಳೆ ಬೆಳಿಗ್ಗೆ ಅವರೆಲ್ಲ ಬರ್ತಾರೆ. ಮಡಕೆ ವಾಪಸ್ ತಗೊಂಡು ಹೋಗಕ್ಕೆ,” ಅಂದಳು.

ಅಮಾವಾಸ್ಯೆಯ ಬೆಳಿಗ್ಗೆ ಎರಡು ಬೀದಿಯೂ ನಮ್ಮ ಹಿತ್ತಲಿನಲ್ಲಿ ಸೇರಿತು. ನೀಲಾಂಬಿಕೆ ಮುಖ ಊದಿಸಿಕೊಂಡು ನಿಂತಿದ್ದಳು. ಗುರುಸಿದ್ಧ ತೂಬಿನ ಕಡೆಯೇ ನೋಡುತ್ತಿದ್ದ, ಇನ್ನೂ ಅವನ ಬಲಗಿವಿ ಬರುವುದಿತ್ತು. ಮರುಳಸಿದ್ಧ ಎಲ್ಲರ ಹಿಂದೆ ಬೇವಿನ ಮರಕ್ಕೆ ಒರಗಿದ್ದ. ಮಡಕೆ ಹೊರಲು ಗಾಡಿ ಬಂದಿತ್ತು. ರುದ್ರಣ್ಣ ಗಂಟಲು ಸರಿಮಾಡಿಕೊಂಡ. ಹೊನ್ನು ಅಡಿಗೆಮನೆಯ ಬಾಗಿಲ ಹಿಂದೆ ನಿಂತಿದ್ದಳು. ಅವತ್ತು ನಾನು ಹಾಕಿಕೊಂಡ ಅದೇ ಬಾಗಿಲು. ಅದನ್ನು ನೋಡಿ ನನಗೆ ಇನ್ನು ತಡೆಯಲಾಗಲಿಲ್ಲ.

“ನಿಲ್ಲೋ ರುದ್ರ,” ಅಂದೆ. “ಮಡಕೆ ಮುಟ್ಬೇಡ. ತಪ್ಪು ನಮ್ಮದು.”

ರುದ್ರಣ್ಣ ನನ್ನನ್ನು ಜ್ವರ ಬಂದವಳಂತೆ ನೋಡಿದ. ನಾನು ಒಳಗಿನಿಂದ ಎರಡು ಲೋಟವನ್ನೂ ತಂದು ಎತ್ತಿ ಹಿಡಿದೆ. ಹೊನ್ನು ಹೇಳಿದ್ದನ್ನೇ ಹೇಳಿದೆ, ಆದರೆ ಬೈದು ಬೈದು ಹೇಳಿದೆ. ಕೊಸರು ಕೊಸರು ಎಂದು ಎದೆ ತಟ್ಟಿಕೊಳ್ಳುವ ಜನಕ್ಕೆ ಕೊಸರಿನ ಮೇಲೂ ಕೊಸರು ಬೀಳುತ್ತದೆ ಅನ್ನುವುದು ತಿಳಿಯಲಿಲ್ಲ. ಸಾವಿರ ಅಂದರೆ ಸಾವಿರ ಎಂದು ಮೆರೆಯುವ ಜನಕ್ಕೆ ತಮ್ಮ ನೂರು ನಮ್ಮ ಮನೆಯಲ್ಲಿ ಎಷ್ಟಾಗುತ್ತದೆ ಎಂದು ಒಂದು ಸಲ ಅಳೆದು ನೋಡುವ ಪುರುಸೊತ್ತಿಲ್ಲ. ಎರಡು ಬೀದಿಯನ್ನೂ ಸಮನಾಗಿ ಬೈದೆ. ಬೈಯುವಾಗ ಧೈರ್ಯ ಬಂತು. ಕೆಲವರು ಬೆರಳು ಮಡಚುತ್ತಿದ್ದರು, ಕೆಲವರು ನೆಲದ ಮೇಲೆ ಗೆರೆ ಹಾಕುತ್ತಿದ್ದರು. ಕಡೆಗೆ ರುದ್ರಣ್ಣನ ಬೆರಳು ಏಳಕ್ಕೆ ಬಂದು ನಿಂತಿತು. ಅಲ್ಲಿಗೆ ನಿಲ್ಲಿಸಲಿ ಎಂದು ನಾನು ಬೇಡಿಕೊಂಡೆ. ಅವನೂ ನನ್ನ ತಮ್ಮನೇ, ನಿಲ್ಲಿಸಲಿಲ್ಲ.

“ಅಕ್ಕ,” ಅಂದ ಮೆಲ್ಲಗೆ. “ಹಾಗಾದ್ರೆ ನಿಂದು?”

“ನಂದೂ ಅಷ್ಟೇ,” ಅಂದೆ. “ಅವರು ಎಲ್ಲಾ ಕಳ್ಸಿದ್ರು.”

ನಾನು ಬೇವಿನ ಮರದ ಕಡೆ ನೋಡಲಿಲ್ಲ. ನೋಡುವುದು ನನ್ನಿಂದ ಆಗಲಿಲ್ಲ.

ರುದ್ರಣ್ಣ ಗಾಡಿಯವನಿಗೆ ಹೋಗು ಎಂದು ಸನ್ನೆ ಮಾಡಿದ. ಹೊನ್ನು ಬಾಗಿಲ ಹಿಂದಿನಿಂದ ಬಂದು ಎಲ್ಲರೆದುರಿಗೆ ನನ್ನ ಕೈ ಹಿಡಿದುಕೊಂಡಳು, ಹುಡುಗನ ಕೈಯನ್ನಲ್ಲ. ಅಷ್ಟರಲ್ಲಿ ನೀಲಾಂಬಿಕೆಗೆ ಒಂದು ವಿಷಯ ಹೊಳೆಯಿತು. ಮುಚ್ಚಿಟ್ಟದ್ದು ಏನೂ ಇರಲಿಲ್ಲವೆಂದರೆ ಒಬ್ಬಟ್ಟಿನ ಸುದ್ದಿಯನ್ನು ಸುಮ್ಮಸುಮ್ಮನೆ ಹೇಳಿದ ಹಾಗಾಯಿತಲ್ಲ.

“ನಮ್ಮ ಅರ್ಧ ಮಡಕೆ ವಾಪಸ್ ಕೊಡಿ,” ಅಂದಳು.

“ಕೊಸರು ವಾಪಸ್ ಕೊಡೋ ಪದ್ಧತಿ ನಮ್ಮ ಬೀದೀಲಿಲ್ಲ,” ಅಂದೆ.

ಅವಳ ಅತ್ತೆ, ಆ ಕಿವುಡಿ ಅಜ್ಜಿ, ಜೋರಾಗಿ ನಕ್ಕಳು. ಆಮೇಲೆ ನೆನಪಾಗಿ ಏನಂದ್ರು ಏನಂದ್ರು ಎಂದು ಪಕ್ಕದವರನ್ನು ಕೇಳಿದಳು.

ಮದುವೆ ಆಯಿತು. ಅಡಿಗೆ ನಮ್ಮ ಕಡೆಯದು, ಒಬ್ಬಟ್ಟು ನಾನೇ ನಿಂತು ಮಾಡಿಸಿದ್ದು, ಪಕ್ಕದ ಮನೆಯದ್ದಲ್ಲ. ಮೇಲಿನ ಬೀದಿಯವರ ಪಂಕ್ತಿಗೆ ಬಡಿಸಲು ಹೋದೆ. ಅವರಲ್ಲಿ ಎಲೆಗೆ ಒಂದು ಅಂದರೆ ಒಂದೇ, ಎರಡನೆಯದು ಹಾಕಲು ಹೋದರೆ ಎಲೆಯ ಮೇಲೆ ಕೈ ಅಡ್ಡ ಹಿಡಿಯುತ್ತಾರೆ. ಸಾಲಿನ ಕೊನೆಯಲ್ಲಿ ಮರುಳಸಿದ್ಧ ಕೂತಿದ್ದ. ಪಕ್ಕದಲ್ಲಿ ಅವನ ಹೆಂಡತಿ, ಅವಳ ಮಡಿಲಲ್ಲಿ ಮೊಮ್ಮಗು. ಒಂದು ಬಡಿಸಿದೆ. ಮುಂದೆ ಹೋಗಬೇಕಿತ್ತು, ಅಲ್ಲೇ ನಿಂತೆ.

“ಅವತ್ತೇ ಹೇಳಿದ್ನಲ್ಲ,” ಅಂದ, ಎಲೆ ನೋಡುತ್ತಲೇ.

“ಹೇಳಿದ್ರಿ. ನಾನು ಕೇಳಿಸ್ಕೊಳ್ಳಲಿಲ್ಲ.”

ಅವನು ತಲೆಯಾಡಿಸಿದ. ಅಷ್ಟೇ ನಮ್ಮ ಮಾತು. ನಾನು ತಟ್ಟೆಯಿಂದ ಇನ್ನೂ ಎರಡು ಒಬ್ಬಟ್ಟು ತೆಗೆದು ಅವನ ಎಲೆಯ ತುದಿಗೆ ಇಟ್ಟೆ, ಮೇಲೆ ತುಪ್ಪ ಹಾಕಿದೆ. ಅವನ ಹೆಂಡತಿ ಎಲೆಯನ್ನು ನೋಡಿದಳು, ನನ್ನನ್ನು ನೋಡಿದಳು. ಪಂಕ್ತಿಯೇ ತಿರುಗಿ ನೋಡಿತು. ಅವನು ಕೈ ಅಡ್ಡ ಹಿಡಿಯಲಿಲ್ಲ. ಒಂದಾದ ಮೇಲೊಂದು ಎರಡನ್ನೂ ತಿಂದ.